ಒಂದೇ ಫೋನು, ಇಡೀ ತರಗತಿ: ಮಕ್ಕಳ ಕೈಲಿ ಊರ ಕೆರೆಯ ರೇಡಿಯೋ ಕಾರ್ಯಕ್ರಮ ಮಾಡಿಸುವುದು ಹೇಗೆ

ಶಾಲೆಗೆ ಸ್ಮಾರ್ಟ್ ಟಿವಿ ಬಂದಿದೆ. ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದೆ, ಸ್ಕ್ಯಾನ್ ಮಾಡಿದರೆ ಸರ್ಕಾರದ ದೀಕ್ಷಾ ಆಪ್‌ನಲ್ಲಿ ವಿಡಿಯೋ ಓಡುತ್ತದೆ. ಆದರೂ ಐದು ನಿಮಿಷ ಆಗುವಷ್ಟರಲ್ಲಿ ಹಿಂದಿನ ಬೆಂಚಿನವರು ಕಿಟಕಿ ಆಚೆ ನೋಡುತ್ತಿರುತ್ತಾರೆ ಅಲ್ವಾ? ಆ ವಿಡಿಯೋ ಮುಂದೆ ಮಕ್ಕಳಿಗೆ ಕೆಲಸವೇ ಇಲ್ಲ. ಕೂತು ನೋಡಬೇಕು, ಅಷ್ಟೇ. ಬೋರ್ಡ್ ಬದಲು ಪರದೆ ಬಂತು, ಮಿಕ್ಕಿದ್ದೆಲ್ಲ ಹಾಗೇ ಇದೆ.

ನನ್ನ ಮಾತು ಒಂದೇ. ತಂತ್ರಜ್ಞಾನ ಮಕ್ಕಳ ಕೈಗೆ ಹೋಗಬೇಕು, ಅವರು ಅದರಲ್ಲಿ ಏನಾದರೂ ಮಾಡಬೇಕು, ಅದನ್ನು ಬೇರೆಯವರು ಕೇಳಬೇಕು. ತಾನು ಮಾಡಿದ್ದನ್ನು ಊರು ಕೇಳುತ್ತದೆ ಅಂತ ಗೊತ್ತಾದ ಮಗು ಒಂದು ವಾಕ್ಯವನ್ನು ಹತ್ತು ಸಲ ತಿದ್ದುತ್ತದೆ. ನೋಟ್ಸ್ ಬರೆಯೋಕೆ ಆ ಆಸೆ ಬರಲ್ಲ.

ಮಕ್ಕಳೇ ಊರವರನ್ನು ಮಾತಾಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ನಾಲ್ಕು ನಿಮಿಷದ ರೇಡಿಯೋ ಕಾರ್ಯಕ್ರಮ ಕಟ್ಟಬೇಕು, ಇದು 8 ಮತ್ತು 9ನೇ ತರಗತಿಗೆ ಹೊಂದುವ ಕೆಲಸ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಕನ್ನಡ ಮಾಧ್ಯಮ ಶಾಲೆಗಳನ್ನು ಮನಸ್ಸಿನಲ್ಲಿಟ್ಟು ಬರೆಯುತ್ತಿದ್ದೇನೆ, ಅದಕ್ಕೇ ವಿಷಯವಾಗಿ ಕೆರೆಯನ್ನು ತೆಗೆದುಕೊಂಡಿದ್ದೇನೆ. ನಿಮ್ಮೂರಲ್ಲಿ ಕೆರೆ ಇಲ್ಲದಿದ್ದರೆ ಸಂತೆ, ಮಗ್ಗ, ಗಾಣ, ಮೀನು ಪೇಟೆ, ಯಾವುದಾದರೂ ಸರಿ. ಬೇಕಾಗಿರೋದು ನಿಮ್ಮ ಒಂದು ಫೋನು, ಮೈಕ್ ಇರುವ ಒಂದು ಇಯರ್‌ಫೋನು, ಒಂದು ಸ್ಪೀಕರ್, ಒಂದಿಷ್ಟು ಹಾಳೆ, ಕತ್ತರಿ. ವಾರಕ್ಕೆ ಮೂರು ಪೀರಿಯಡ್‌ನಂತೆ ಮೂರು ವಾರ ಇಟ್ಟುಕೊಳ್ಳಿ. ಕನ್ನಡ ಮತ್ತು ಸಮಾಜ ವಿಜ್ಞಾನದ ಮೇಷ್ಟ್ರು ಇಬ್ಬರೂ ಸೇರಿದರೆ ಪೀರಿಯಡ್ ಹೊಂದಿಸೋದು ಸುಲಭ.

ವಿಡಿಯೋ ಬಿಟ್ಟು ಧ್ವನಿ ಯಾಕೆ?

ವಿಡಿಯೋ ಅಂದ ತಕ್ಷಣ ಎಲ್ಲರ ಗಮನ ಮುಖದ ಮೇಲೆ, ಬಟ್ಟೆಯ ಮೇಲೆ ಹೋಗುತ್ತದೆ. ಚೆನ್ನಾಗಿ ಕಾಣೋರು ಮುಂದೆ ಬರುತ್ತಾರೆ, ಮಿಕ್ಕವರು ಹಿಂದೆ ಸರಿಯುತ್ತಾರೆ. ಧ್ವನಿಯಲ್ಲಿ ಈ ಕಾಟ ಇಲ್ಲ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ಫೋನಿಗೆ ಗುಟ್ಟು ಹೇಳಿದ ಹಾಗೆ ಸೊಗಸಾಗಿ ಮಾತಾಡುತ್ತಾಳೆ. ಫೈಲೂ ಚಿಕ್ಕದು. ಸಾಮಾನ್ಯ ಗುಣಮಟ್ಟದ ಎಂಪಿ3 ಆದರೆ ಒಂದು ನಿಮಿಷಕ್ಕೆ ಸುಮಾರು 1 ಎಂಬಿ.

ಇನ್ನೊಂದು ಕಾರಣ, ರೇಡಿಯೋ ನಮ್ಮದೇ ಕಥೆ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೋ ಶುರು ಮಾಡಿದರು, ‘ಆಕಾಶವಾಣಿ’ ಅನ್ನೋ ಹೆಸರು ಅಲ್ಲಿಂದ ಬಂತು. ಇನ್ನೂ ಹತ್ತಿರದ್ದು ಬೇಕಾದರೆ ಕೋಲಾರ ಜಿಲ್ಲೆಯ ಬೂದಿಕೋಟೆ ಇದೆ. ಸಮುದಾಯಗಳಿಗೆ ರೇಡಿಯೋ ಲೈಸೆನ್ಸ್ ಸಿಗದಿದ್ದ ಕಾಲದಲ್ಲಿ, 2000ದ ದಶಕದ ಮೊದಲ ವರ್ಷಗಳಲ್ಲಿ, ಅಲ್ಲಿಯ ‘ನಮ್ಮ ಧ್ವನಿ’ಯವರು ಟಿವಿ ಕೇಬಲ್ ಮೂಲಕ ಮನೆಮನೆಗೆ ಕಾರ್ಯಕ್ರಮ ಮುಟ್ಟಿಸಿದರು. ಈ ಎರಡು ಕಥೆ ಮೊದಲ ದಿನವೇ ಹೇಳಿ. ಒಬ್ಬ ಮೇಷ್ಟ್ರು ಮನೆಯಿಂದ ಮಾಡಿದ್ದನ್ನು, ಒಂದು ಹಳ್ಳಿ ಕೇಬಲ್‌ನಲ್ಲಿ ಮಾಡಿದ್ದನ್ನು ನಾವೂ ಮಾಡಬಹುದು ಅಂತ ಮಕ್ಕಳಿಗೆ ಅನ್ನಿಸಬೇಕು.

ಮೊದಲು ಒಪ್ಪಿಗೆ, ಆಮೇಲೆ ಫೋನು

ಹೆಡ್‌ಮಾಸ್ಟರ್ ಹತ್ತಿರ ಬಾಯಿಮಾತಲ್ಲಿ ಕೇಳಿ ಬಿಡಬೇಡಿ, ಏನು ಮಾಡುತ್ತೀರಿ ಅಂತ ಅರ್ಧ ಪುಟ ಬರೆದು ಕೊಡಿ. ಪೋಷಕರಿಗೆ ಒಂದು ಚೀಟಿ ಕಳಿಸಿ. ಅದರಲ್ಲಿ ಮೂರು ಪ್ರಶ್ನೆ ಬೇರೆ ಬೇರೆಯಾಗಿ ಇರಲಿ: ಮಗುವಿನ ಧ್ವನಿ ರೆಕಾರ್ಡ್ ಮಾಡಬಹುದಾ, ಶಾಲೆಯೊಳಗೆ ಕೇಳಿಸಬಹುದಾ, ಶಾಲೆಯ ಹೊರಗೆ ಹಂಚಬಹುದಾ. ಒಂದಕ್ಕೆ ಹೂಂ ಅಂದವರು ಮೂರಕ್ಕೂ ಹೂಂ ಅಂದಂತಲ್ಲ. ಓದೋಕೆ ಬಾರದ ಅಪ್ಪ–ಅಮ್ಮಂದಿರಿಗೆ ಓದಿ ಹೇಳಿಯೇ ಸಹಿ ಹಾಕಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳು ಅಂತಲೇ ಲೆಕ್ಕ ಹಾಕುತ್ತದೆ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ಕಾಯ್ದೆ ಇರಲಿ ಬಿಡಲಿ, ಕೇಳೋದು ಮರ್ಯಾದೆ. ಕಾರ್ಯಕ್ರಮದಲ್ಲಿ ಮಕ್ಕಳ ಪೂರ್ತಿ ಹೆಸರು, ಮನೆ ವಿಳಾಸ, ಅಪ್ಪನ ಫೋನ್ ನಂಬರ್ ಬರಬಾರದು.

ಒಂದು ಗಟ್ಟಿ ಪ್ರಶ್ನೆ ಹುಡುಕಿ

‘ನಮ್ಮೂರ ಕೆರೆ’ ಅಂತ ವಿಷಯ ಕೊಟ್ಟರೆ ಪ್ರಬಂಧ ಬರುತ್ತದೆ. ಕೆರೆ ಸುಂದರವಾಗಿದೆ, ನಾವು ಅದನ್ನು ಉಳಿಸಬೇಕು, ಮುಗೀತು. ಅದರ ಬದಲು ಉತ್ತರ ಹುಡುಕಲೇಬೇಕಾದ ಪ್ರಶ್ನೆ ಕೊಡಿ. ಕೆರೆ ಕೊನೆಯ ಸಲ ತುಂಬಿ ಕೋಡಿ ಹೋಗಿದ್ದು ಯಾವಾಗ? ನೀರು ಬಿಡೋಕೆ ತೂಬು ಎತ್ತೋದನ್ನು ಯಾರು ತೀರ್ಮಾನ ಮಾಡುತ್ತಿದ್ದರು? ಗದ್ದೆಗಳಿಗೆ ಸರದಿಯಲ್ಲಿ ನೀರು ಬಿಡುವ ನೀರುಗಂಟಿ ಅನ್ನೋ ಕೆಲಸ ಈಗ ಏನಾಯ್ತು? ಕೆರೆ ನೀರು ಹರಿಯುವ ಅಚ್ಚುಕಟ್ಟಿನ ಗದ್ದೆಗಳಲ್ಲಿ ಭತ್ತ ಬೆಳೆಯೋದು ಯಾಕೆ ನಿಂತಿತು?

ಕೋಲಾರದ ಮಕ್ಕಳಿಗೆ ಇನ್ನೂ ಬಿಸಿ ಪ್ರಶ್ನೆ ಇದೆ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಬೋರ್‌ವೆಲ್‌ನಲ್ಲಿ ಮತ್ತೆ ನೀರು ಬಂತು ಅಂತ ಖುಷಿಪಡುವ ರೈತರಿದ್ದಾರೆ, ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಅಂತ ಪಟ್ಟು ಹಿಡಿದವರೂ ಇದ್ದಾರೆ. ಎರಡೂ ಮಾತು ಒಂದೇ ಬೀದಿಯಲ್ಲಿ ಕೇಳುತ್ತವೆ. ನಿಮ್ಮ ಕೆರೆಗೆ ಆ ನೀರು ಬರುತ್ತಿದ್ದರೆ ಇದನ್ನೇ ತೆಗೆದುಕೊಳ್ಳಿ. ವಿರುದ್ಧ ಅಭಿಪ್ರಾಯದ ಇಬ್ಬರನ್ನು ಸಮಾನ ಗೌರವದಿಂದ ಕೇಳಿಸಿಕೊಳ್ಳೋದು ಹೇಗೆ ಅಂತ ಕಲಿಸೋಕೆ ಇಂಥ ಅವಕಾಶ ಸುಮ್ನೆ ಸಿಗಲ್ಲ.

ಪ್ರಶ್ನೆಯನ್ನು ಮಕ್ಕಳೇ ಆರಿಸಲಿ. ಎಲ್ಲರೂ ಒಂದೊಂದು ಚೀಟಿಯಲ್ಲಿ ಬರೆಯಲಿ, ಗೋಡೆಗೆ ಅಂಟಿಸಿ. ‘ಇದಕ್ಕೆ ಗೂಗಲ್‌ನಲ್ಲೇ ಉತ್ತರ ಸಿಗುತ್ತದೆ’ ಅನ್ನುವಂಥವನ್ನು ಮೊದಲು ತೆಗೆಯಿರಿ. ಊರವರಿಗೆ ಮಾತ್ರ ಗೊತ್ತಿರುವುದು ಉಳಿಯಲಿ.

ಕಿವಿಗೆ ಒಂದು ಪೀರಿಯಡ್

ಮಾಧ್ಯಮವನ್ನು ಓದೋಕೆ ಬಾರದವರು ಮಾಡೋಕೂ ಆಗಲ್ಲ. ಅದಕ್ಕೆ ರೆಕಾರ್ಡಿಂಗ್‌ಗೂ ಮೊದಲು ಒಂದು ಪೂರ್ತಿ ಪೀರಿಯಡ್ ಬರೀ ಕೇಳೋಕೆ ಕೊಡಿ. ಎರಡು ನಿಮಿಷ ಕಣ್ಣು ಮುಚ್ಚಿಸಿ, ಕೇಳಿಸಿದ್ದನ್ನೆಲ್ಲ ಬರೆಸಿ. ಬಿಸಿಯೂಟದ ಪಾತ್ರೆ, ಪಕ್ಕದ ತರಗತಿಯ ಮಗ್ಗಿ, ದೂರದ ಟ್ರ್ಯಾಕ್ಟರ್. ಆಮೇಲೆ ಆಕಾಶವಾಣಿಯ ಯಾವುದಾದರೂ ಕಾರ್ಯಕ್ರಮದ ಎರಡು ನಿಮಿಷ ಕೇಳಿಸಿ, ಮತ್ತೆ ಅದನ್ನೇ ಇನ್ನೊಮ್ಮೆ ಕೇಳಿಸಿ. ಯಾರು ಮಾತಾಡುತ್ತಿದ್ದಾರೆ? ಸಂಗೀತ ಎಲ್ಲಿ ಬಂತು, ಬಂದಾಗ ಮನಸ್ಸಿಗೆ ಏನನ್ನಿಸಿತು? ಯಾರ ಮಾತು ಇದರಲ್ಲಿ ಇಲ್ಲವೇ ಇಲ್ಲ? ಕೊನೆಯ ಪ್ರಶ್ನೆ ಬಹಳ ಮುಖ್ಯ. ಬೇಸಾಯದ ಕಾರ್ಯಕ್ರಮದಲ್ಲಿ ಹೆಂಗಸರ ಧ್ವನಿ ಇಲ್ಲ ಅನ್ನೋದನ್ನು ಮಕ್ಕಳೇ ಹಿಡಿದರೆ, ಮುಂದೆ ತಮ್ಮ ಕಾರ್ಯಕ್ರಮಕ್ಕೆ ಯಾರನ್ನು ಮಾತಾಡಿಸಬೇಕು ಅನ್ನೋದು ಅವರಿಗೇ ಹೊಳೆಯುತ್ತದೆ.

ಇಲ್ಲೇ ಒಂದು ಪ್ರಯೋಗ ಮಾಡಿ. ಒಂದು ಸಾಲನ್ನು, ‘ಕೆರೆಗೆ ನೀರು ಬಂತು’ ಅಂತಿಟ್ಟುಕೊಳ್ಳಿ, ಮೂರು ಮಕ್ಕಳು ಸಂತೋಷದಲ್ಲಿ, ಭಯದಲ್ಲಿ, ಬೇಸರದಲ್ಲಿ ಹೇಳಲಿ. ಅಕ್ಷರ ಒಂದೇ, ಸುದ್ದಿ ಮೂರು. ಟಿವಿ ಸುದ್ದಿ ನಮ್ಮನ್ನು ಹೇಗೆ ಹೆದರಿಸುತ್ತದೆ ಅಂತ ಇದಕ್ಕಿಂತ ಚೆನ್ನಾಗಿ ಯಾವ ಪಾಠವೂ ತಿಳಿಸಲ್ಲ.

ಗುಂಪು ಮಾಡುವಾಗ

ಆರು ಜನರ ಗುಂಪು ಸಾಕು. ಕೇಳುವವರು, ರೆಕಾರ್ಡ್ ಮಾಡುವವರು, ಬರೆದುಕೊಳ್ಳುವವರು, ಸತ್ಯ ಪರೀಕ್ಷಿಸುವವರು, ಶಬ್ದ ಹಿಡಿಯುವವರು, ನಿರೂಪಕರು. ಪಾತ್ರ ಬದಲಾಗುತ್ತಿರಬೇಕು. ಸುಮ್ಮನೆ ಬಿಟ್ಟರೆ ಫೋನು ಹುಡುಗರ ಕೈಲಿ, ಪೆನ್ನು ಹುಡುಗಿಯರ ಕೈಲಿ ಉಳಿದುಬಿಡುತ್ತದೆ, ಇದನ್ನು ಬೇಕಂತಲೇ ಮುರಿಯಿರಿ. ಮೊದಲ ರೆಕಾರ್ಡಿಂಗ್ ಹುಡುಗಿಯರದ್ದು ಅಂತ ನಿಯಮ ಮಾಡಿ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ಮಕ್ಕಳಿಗೆ ಮಿಕ್ಕವರಿಗಿಂತ ಮೊದಲು ಫೋನು ಕೊಟ್ಟು ಅಭ್ಯಾಸ ಮಾಡಿಸಿ.

ಅಜ್ಜಿಯನ್ನು ಮಾತಾಡಿಸುವ ಕಲೆ

ಮಕ್ಕಳು ಬರೆಯುವ ಮೊದಲ ಪ್ರಶ್ನೆಗಳೆಲ್ಲ ‘ಹೌದು’ ಅಥವಾ ‘ಇಲ್ಲ’ ಅನ್ನಿಸುವಂಥವು. ‘ಅಜ್ಜಿ, ಮೊದಲು ಕೆರೆ ತುಂಬುತ್ತಿತ್ತಾ?’ ‘ಹೂಂ.’ ಮುಂದಕ್ಕೆ ಹೋಗಲ್ಲ. ಇದನ್ನೇ ‘ಅಜ್ಜಿ, ಕೆರೆ ಕೋಡಿ ಹೋದ ದಿನ ಊರಲ್ಲಿ ಏನೇನು ಮಾಡ್ತಿದ್ರಿ?’ ಅಂತ ಕೇಳಿದರೆ ಅಜ್ಜಿ ಗಂಗಮ್ಮನ ಪೂಜೆಯಿಂದ ಶುರು ಮಾಡಿ ಕೆರೆ ಮೀನಿನ ಸಾರಿನವರೆಗೂ ಹೋಗಬಹುದು. ‘ಏನು, ಹೇಗೆ, ಯಾಕೆ, ಆಮೇಲೆ?’ ಈ ನಾಲ್ಕನ್ನು ಬೋರ್ಡ್ ಮೇಲೆ ಬರೆದಿಡಿ. ‘ಆಮೇಲೆ?’ ಅನ್ನೋದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ.

ಮೊದಲು ಶಾಲೆಯಲ್ಲೇ ಅಭ್ಯಾಸ ಆಗಲಿ. ಬಿಸಿಯೂಟ ಮಾಡುವ ಅಕ್ಕನಿಗೆ ಬಿಡುವಿದ್ದಾಗ ಒಂದು ಗುಂಪು ಹೋಗಿ ಐದು ನಿಮಿಷ ಮಾತಾಡಿಸಿ ಬರಲಿ. ಉಳಿದವರು ಅದನ್ನು ಕೇಳಿ ಎರಡು ವಿಷಯ ಹೇಳಲಿ: ಅಕ್ಕ ಯಾವ ಪ್ರಶ್ನೆಗೆ ಜಾಸ್ತಿ ಮಾತಾಡಿದರು, ನಾವು ಎಲ್ಲಿ ಮಧ್ಯೆ ಬಾಯಿ ಹಾಕಿದೆವು.

ಭಾಷೆಯ ವಿಷಯದಲ್ಲಿ ದಯವಿಟ್ಟು ಉದಾರವಾಗಿರಿ. ನಮ್ಮ ಗಡಿ ಕಡೆ ಮನೆಯಲ್ಲಿ ತೆಲುಗು, ಉರ್ದು ಮಾತಾಡುವ ಮಕ್ಕಳು ತುಂಬಾ ಇದ್ದಾರೆ. ಅಜ್ಜ ತೆಲುಗಿನಲ್ಲೇ ಹೇಳಲಿ. ಅವರ ಧ್ವನಿ ನಾಲ್ಕು ಸೆಕೆಂಡ್ ಕೇಳಿಸಿ, ಸಣ್ಣಗೆ ಮಾಡಿ, ಅದರ ಮೇಲೆ ಮೊಮ್ಮಗನೇ ಕನ್ನಡದಲ್ಲಿ ಹೇಳಲಿ. ಮನೆ ಮಾತು ಶಾಲೆಗೆ ತರಬಾರದ ವಸ್ತು ಅಂದುಕೊಂಡಿದ್ದ ಹುಡುಗ ಆ ದಿನ ಗುಂಪಿನಲ್ಲಿ ಎಲ್ಲರಿಗಿಂತ ಬೇಕಾದವನಾಗುತ್ತಾನೆ. ಆಡುಮಾತನ್ನೂ ತಿದ್ದಬೇಡಿ, ‘ಬರ್ತಿತ್ತು’ ಅಂದರೆ ‘ಬರುತ್ತಿತ್ತು’ ಅಂತ ಮತ್ತೆ ಹೇಳಿಸಬೇಡಿ.

ರೆಕಾರ್ಡ್ ಮಾಡುವ ದಿನ

ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ಅಜ್ಜಿ ಕಣ್ಣೀರು ಒರೆಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಯಾರದೋ ಕರೆ ಬರುತ್ತದೆ. ಜಾಗ ಎಷ್ಟು ಖಾಲಿ ಇದೆ, ಚಾರ್ಜ್ ಎಷ್ಟಿದೆ ನೋಡಿ.

ಫೋನಿನ ಮೈಕ್ ತಳದ ಅಂಚಿನಲ್ಲಿರುವ ಸಣ್ಣ ತೂತು. ಅಲ್ಲಿ ಬೆರಳು ಇಡಬಾರದು ಅಂತ ಎಲ್ಲರಿಗೂ ತೋರಿಸಿ. ಬಾಯಿಂದ ಒಂದು ಗೇಣು ದೂರ, ನೇರ ಮುಂದೆ ಹಿಡಿಯದೆ ಸ್ವಲ್ಪ ಪಕ್ಕಕ್ಕೆ. ಆಗ ‘ಪ’, ‘ಬ’ ಅಕ್ಷರಗಳ ಗಾಳಿ ಮೈಕಿಗೆ ಹೊಡೆಯಲ್ಲ. ಕೆರೆ ಏರಿ ಮೇಲೆ ಗಾಳಿ ಜಾಸ್ತಿ, ಮೈಕ್ ಮೇಲೆ ತೆಳು ಕರವಸ್ತ್ರ ಕಟ್ಟಿ, ಗಾಳಿಗೆ ಬೆನ್ನು ಹಾಕಿ ನಿಲ್ಲಿಸಿ. ತರಗತಿಯೊಳಗೆ ಆದರೆ ಫ್ಯಾನ್ ಆರಿಸಿ. ಖಾಲಿ ಆರ್‌ಸಿಸಿ ಕೋಣೆ ತುಂಬಾ ಗುಂಯ್‌ಗುಡುತ್ತದೆ, ಪುಸ್ತಕದ ಕಪಾಟಿನ ಪಕ್ಕ, ಜಮಖಾನ ಹಾಸಿ ಕೂತರೆ ವಾಸಿ.

ರೆಕಾರ್ಡಿಂಗ್ ಶುರುವಾದ ತಕ್ಷಣ ತಾರೀಕು, ಊರು, ಗುಂಪಿನ ಹೆಸರು ಹೇಳಬೇಕು. ಆಮೇಲೆ ಮಾತಾಡುವವರನ್ನು ‘ಅಜ್ಜಿ, ನಿಮ್ಮ ಮಾತು ರೆಕಾರ್ಡ್ ಮಾಡ್ತಾ ಇದ್ದೀವಿ, ಶಾಲೆಯಲ್ಲಿ ಎಲ್ಲರಿಗೂ ಕೇಳಿಸಬಹುದಾ?’ ಅಂತ ಕೇಳಿ, ಅವರ ಒಪ್ಪಿಗೆಯೂ ಧ್ವನಿಯಲ್ಲೇ ಇರಲಿ. ಬೇಡ ಅಂದರೆ ನಮಸ್ಕಾರ ಹೇಳಿ ಬರಬೇಕು. ಅವರು ಮಾತಾಡುವಾಗ ಮಕ್ಕಳು ‘ಹೂಂ ಹೂಂ’ ಅನ್ನದೆ ತಲೆ ಆಡಿಸಲಿ.

ಮುಗಿದ ಮೇಲೆ ಅರ್ಧ ನಿಮಿಷ ಯಾರೂ ಮಾತಾಡದೆ ಅಲ್ಲಿಯ ಸದ್ದನ್ನು ಮಾತ್ರ ಹಿಡಿಯಿರಿ. ಎಡಿಟ್ ಮಾಡುವಾಗ ಎರಡು ಮಾತುಗಳ ನಡುವಿನ ಜೋಡಣೆ ಗೊತ್ತಾಗದ ಹಾಗೆ ಮಾಡೋಕೆ ಇದೇ ಬೇಕು. ಕೊಕ್ಕರೆ, ಪಂಪ್‌ಸೆಟ್, ಬಟ್ಟೆ ಒಗೆಯುವ ಸದ್ದು ಬೇರೆಬೇರೆ ಫೈಲ್ ಆಗಿರಲಿ. ಕೆರೆ ಹತ್ತಿರ ಹೋಗುವಾಗ ಇಬ್ಬರು ದೊಡ್ಡವರಾದರೂ ಜೊತೆಗಿರಬೇಕು, ಯಾವ ಮಗುವೂ ಕೆರೆ ಏರಿಯಿಂದ ಕೆಳಗೆ ಇಳಿಯಬಾರದು, ತೂಬಿನ ಹತ್ತಿರ ಹೋಗಬಾರದು. ಹೂಳೆತ್ತಿದ ಕೆರೆಯ ಗುಂಡಿಗಳು ಮೇಲಿಂದ ಕಾಣಲ್ಲ. ಈ ವಿಷಯದಲ್ಲಿ ರಾಜಿ ಬೇಡ.

ಎಡಿಟಿಂಗ್ ಮೊದಲು ಹಾಳೆ ಮೇಲೆ

ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಇಲ್ಲಿ ಕಂಪ್ಯೂಟರ್ ಬೇಡವೇ ಬೇಡ.

ಗುಂಪು ತನ್ನ ರೆಕಾರ್ಡಿಂಗ್ ಕೇಳುತ್ತಾ ಪಟ್ಟಿ ಮಾಡಲಿ. ಎಷ್ಟನೇ ನಿಮಿಷ, ಯಾರು, ಏನು ಹೇಳಿದರು, ಎಷ್ಟು ಚೆನ್ನಾಗಿದೆ. ‘2:10ರಿಂದ 2:45, ಅಜ್ಜ, ನೀರುಗಂಟಿ ಗದ್ದೆಗೆ ನೀರು ಬಿಡುತ್ತಿದ್ದ ಸರದಿ, ಬೇಕೇ ಬೇಕು’ ಅನ್ನೋ ಹಾಗೆ. ಒಂದೊಂದು ತುಣುಕಿಗೆ ಒಂದೊಂದು ಕಾಗದದ ಪಟ್ಟಿ ಕತ್ತರಿಸಿ. ಮಾತಿಗೆ ಬಿಳಿ ಹಾಳೆ, ಸದ್ದಿಗೆ ಹಳದಿ, ನಿರೂಪಣೆಗೆ ನೀಲಿ, ಇದ್ದ ಬಣ್ಣದಲ್ಲಿ ಮಾಡಿ. ಈಗ ನೆಲದ ಮೇಲೆ ಹರಡಿ, ಜೋಡಿಸಿ, ಜಗಳ ಆಡಲಿ. ಯಾವುದು ಮೊದಲು? ಅಜ್ಜಿಯ ನಗುವಿನಿಂದ ಶುರು ಮಾಡಿದರೆ ಹೇಗೆ, ಪಂಪ್‌ಸೆಟ್ ಸದ್ದಿನಿಂದ ಶುರು ಮಾಡಿದರೆ ಹೇಗೆ? ಕೊನೆಗೆ ಉಳಿಯಬೇಕಾದದ್ದು ನಾಲ್ಕು ನಿಮಿಷ ಮಾತ್ರ ಅಂತ ಗಟ್ಟಿಯಾಗಿ ಹೇಳಿಬಿಡಿ. ಬಿಡಬೇಕಾದಾಗಲೇ ಯಾವುದು ಮುಖ್ಯ ಅಂತ ಯೋಚನೆ ಶುರುವಾಗೋದು. ಬರವಣಿಗೆಯಲ್ಲಿ ಪ್ಯಾರಾ ಅಂದರೇನು, ಕ್ರಮ ಅಂದರೇನು ಅಂತ ನಾವು ವರ್ಷವೆಲ್ಲ ಹೇಳೋದು ಈ ನೆಲದ ಮೇಲೆ ತಾನಾಗಿ ಅರ್ಥವಾಗುತ್ತದೆ.

ಒಂದು ಎಚ್ಚರಿಕೆ ಇಲ್ಲೇ ಕಲಿಸಬೇಕು. ಕತ್ತರಿಸಿ ಜೋಡಿಸಿದರೆ ಒಬ್ಬರ ಮಾತಿನ ಅರ್ಥ ತಿರುಗಿಹೋಗಬಹುದು. ‘ನೀರು ಬಂದಿದ್ದು ಒಳ್ಳೇದು, ಆದರೆ ವಾಸನೆ’ ಅಂದವರ ಮಾತಿನಲ್ಲಿ ‘ಆದರೆ’ ತೆಗೆದುಬಿಟ್ಟರೆ ಏನಾಗುತ್ತದೆ ಅಂತ ಬೇಕಂತಲೇ ಮಾಡಿ ತೋರಿಸಿ. ಇದನ್ನು ಕೈಯಾರೆ ಮಾಡಿ ನೋಡಿದ ಮಗು ಮುಂದೆ ವಾಟ್ಸ್ಆಪ್‌ನಲ್ಲಿ ಹತ್ತು ಸೆಕೆಂಡಿನ ಭಾಷಣದ ತುಣುಕು ಬಂದಾಗ ‘ಮುಂಚೆ ಏನು ಹೇಳಿದ್ದರು?’ ಅಂತ ಕೇಳುತ್ತದೆ.

ಹೇಳಿದ್ದೆಲ್ಲ ನಿಜವಾ?

ಅಜ್ಜ ‘ಈ ಕೆರೆ ಚೋಳರ ಕಾಲದ್ದು’ ಅಂದರು. ಇರಬಹುದು. ಗೌರವ ಕೊಟ್ಟೇ ಪರೀಕ್ಷಿಸೋಣ. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯ ಶಾಸನಗಳದ್ದು, 1905ರಲ್ಲಿ ಬಂದಿದ್ದು. ಆಗ ಚಿಕ್ಕಬಳ್ಳಾಪುರವೂ ಕೋಲಾರದಲ್ಲೇ ಇತ್ತು, ಹಾಗಾಗಿ ಅವರಿಗೂ ಇದೇ ಸಂಪುಟ. ತಾಲ್ಲೂಕುವಾರು ಜೋಡಿಸಿದ್ದಾರೆ, ನಿಮ್ಮೂರ ಹೆಸರು ಹುಡುಕಿ. ಸಿಕ್ಕರೆ ಮಕ್ಕಳ ಮುಖ ನೋಡಬೇಕು.

ಕೆರೆಯ ಗಡಿ, ಸರ್ವೆ ನಂಬರ್ ಬೇಕಾದರೆ ಸರ್ಕಾರದ ದಿಶಾಂಕ್ ಆಪ್ ಇದೆ. ಕೆರೆ ಎಷ್ಟು ಸಣ್ಣದಾಗಿದೆ ಅಂತ ನೋಡೋಕೆ ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ಪ್ರೊ ಹಾಕಿಕೊಳ್ಳಿ, ಉಚಿತ. ಮೇಲಿರುವ ಗಡಿಯಾರದ ಗುರುತು ಒತ್ತಿ ಪಟ್ಟಿ ಹಿಂದಕ್ಕೆ ಎಳೆದರೆ ಹಳೆಯ ಉಪಗ್ರಹ ಚಿತ್ರಗಳು ಬರುತ್ತವೆ. ಬೇಸಿಗೆಯ ಚಿತ್ರವನ್ನು ಬೇಸಿಗೆಯ ಚಿತ್ರಕ್ಕೇ ಹೋಲಿಸಬೇಕು ಅಂತ ಹೇಳಿಕೊಡಿ. ಇಲ್ಲದಿದ್ದರೆ ಮಳೆಗಾಲದ ಕೆರೆಗೆ ಬೇಸಿಗೆಯ ಕೆರೆ ಹೋಲಿಸಿ ‘ಕೆರೆ ಮಾಯ’ ಅಂದುಬಿಡುತ್ತಾರೆ.

ಎಐ ಚಾಟ್‌ಬಾಟ್‌ನ್ನೂ ಇಲ್ಲಿ ತರಗತಿಗೆ ತನ್ನಿ, ಆದರೆ ಮಕ್ಕಳು ಇಷ್ಟು ಕೆಲಸ ಮಾಡಿದ ಮೇಲೆ. ನಿಮ್ಮ ಫೋನಿನಲ್ಲೇ ‘ನಮ್ಮೂರ ಕೆರೆಯನ್ನು ಕಟ್ಟಿಸಿದವರು ಯಾರು?’ ಅಂತ ಕೇಳಿ, ಬಂದ ಉತ್ತರ ಬೋರ್ಡ್ ಮೇಲೆ ಬರೆಯಿರಿ. ಒಂದೊಂದು ವಾಕ್ಯಕ್ಕೂ ಮಕ್ಕಳು ‘ಸರಿ’, ‘ತಪ್ಪು’, ‘ಸಾಕ್ಷಿ ಇಲ್ಲ’ ಅಂತ ಗುರುತು ಹಾಕಲಿ. ಸಾಕ್ಷಿ ಇಲ್ಲದ ಮಾತನ್ನೂ ಅದು ಎಷ್ಟು ಧೈರ್ಯವಾಗಿ ಹೇಳಬಲ್ಲದು ಅಂತ ಆಗ ಗೊತ್ತಾಗುತ್ತದೆ. ಈ ಕೆರೆಯ ಬಗ್ಗೆ ತಮಗೇ ಜಾಸ್ತಿ ಗೊತ್ತು ಅನ್ನೋದೂ ಗೊತ್ತಾಗುತ್ತದೆ.

ಕಂಪ್ಯೂಟರ್ ಇದ್ದರೆ

ಧ್ವನಿ ಎಡಿಟ್ ಮಾಡುವ ಆಡಾಸಿಟಿ ತಂತ್ರಾಂಶ ಉಚಿತ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ತುಂಬಾ ಫೋನುಗಳು ಎಂ4ಎ ಫೈಲ್ ಕೊಡುತ್ತವೆ, ವಿಂಡೋಸ್‌ನಲ್ಲಿ ಆಡಾಸಿಟಿ ಅದನ್ನು ತೆರೆಯಬೇಕಾದರೆ ಎಫ್‌ಎಫ್‌ಎಂಪೆಗ್ ಅನ್ನೋ ಇನ್ನೊಂದು ತಂತ್ರಾಂಶ ಹಾಕಬೇಕು. ಅದರ ತಲೆನೋವು ಬೇಡ ಅಂದರೆ ಮೊದಲೇ ರೆಕಾರ್ಡರ್ ಸೆಟ್ಟಿಂಗ್‌ನಲ್ಲಿ ವೇವ್ ಅಥವಾ ಎಂಪಿ3 ಆರಿಸಿ. ಮಕ್ಕಳಿಗೆ ನಾಲ್ಕೇ ಕೆಲಸ ಕಲಿಸಿ: ಕತ್ತರಿಸೋದು, ಜರುಗಿಸೋದು, ಧ್ವನಿ ಏರಿಸಿ ಇಳಿಸೋದು, ಎಂಪಿ3 ಮಾಡಿ ಹೊರತೆಗೆಯೋದು. ಸೇವ್ ಮಾಡಿದರೆ ಆಡಾಸಿಟಿಯಲ್ಲಿ ಮಾತ್ರ ತೆರೆಯುವ ಫೈಲ್ ಸಿಗುತ್ತದೆ, ಎಕ್ಸ್‌ಪೋರ್ಟ್ ಮಾಡಿದರೇ ಫೋನಿನಲ್ಲಿ ಕೇಳುವ ಫೈಲ್ ಬರೋದು. ಮೂಲ ರೆಕಾರ್ಡಿಂಗ್ ಅಳಿಸಬೇಡಿ, ಪೆನ್‌ಡ್ರೈವ್‌ಗೆ ಒಂದು ಪ್ರತಿ ಹಾಕಿಡಿ.

ಕಂಪ್ಯೂಟರ್ ಇಲ್ಲವಾ? ಎಡಿಟ್ ಮಾಡದೆಯೂ ಕಾರ್ಯಕ್ರಮ ಆಗುತ್ತದೆ. ಪ್ರಾರ್ಥನೆ ಸಮಯದಲ್ಲಿ ಇಬ್ಬರು ಮಕ್ಕಳು ಮೈಕ್ ಮುಂದೆ ನಿಂತು ನಿರೂಪಣೆ ಓದಲಿ, ಮಧ್ಯೆ ಮಧ್ಯೆ ಇನ್ನೊಬ್ಬರು ಫೋನಿನಿಂದ ತುಣುಕು ಹಾಕಲಿ. ನಿಜವಾದ ನೇರ ಪ್ರಸಾರ!

ಹಿನ್ನೆಲೆಗೆ ಸಿನಿಮಾ ಹಾಡು ಬೇಡ. ಪಾಠದೊಳಗೆ ಬಳಸೋಕೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸ್ವಲ್ಪ ಸಡಿಲಿಕೆ ಇದೆ, ಆದರೆ ಹೊರಗೆ ಹಂಚಿದಾಗ ಲೆಕ್ಕ ಬೇರೆ. ಅದಕ್ಕಿಂತ, ಊರಲ್ಲೇ ಸೋಬಾನೆ ಹೇಳುವ ಅಮ್ಮಂದಿರಿದ್ದಾರೆ, ತಮಟೆ ಬಾರಿಸುವವರಿದ್ದಾರೆ. ಕೇಳಿ, ಹಿಡಿಯಿರಿ, ಕೊನೆಯಲ್ಲಿ ಅವರಿಗೆ ಧನ್ಯವಾದ ಹೇಳಿ.

ಕೇಳಿಸೋದು, ಅಂಕ ಕೊಡೋದು

ಎರಡು ಸಲ ಕೇಳಿಸಿ. ಒಮ್ಮೆ ಶಾಲೆಯಲ್ಲಿ, ಒಮ್ಮೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ ಅಥವಾ ಪೋಷಕರ ಸಭೆಯಲ್ಲಿ. ಮಾತಾಡಿದ ಅಜ್ಜ–ಅಜ್ಜಿಯರನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಿ. ಸರಿಯಾಗಿ ಕಿವಿ ಕೇಳದ ಮಕ್ಕಳಿಗಾಗಿ ಮಾತನ್ನೆಲ್ಲ ಬರೆದ ಪ್ರತಿ ಕೈಲಿರಲಿ. ಆ ಪ್ರತಿ ಬರೆಯೋದೇ ಒಳ್ಳೆಯ ಕನ್ನಡ ಅಭ್ಯಾಸ, ಫೋನಿನ ಜಿಬೋರ್ಡ್ ಕೀಬೋರ್ಡ್‌ನ ಧ್ವನಿ ಟೈಪಿಂಗ್‌ನಲ್ಲಿ ಮಾಡಿ ತಪ್ಪು ತಿದ್ದಲೂಬಹುದು.

ಇದನ್ನು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯಾಗಿ ದಾಖಲಿಸಿ, ಹೆಚ್ಚುವರಿ ಹೊರೆ ಅನ್ನಿಸಲ್ಲ. ಅಂಕವನ್ನು ಧ್ವನಿ ಸೊಗಸಿಗೆ ಕೊಡಬೇಡಿ. ಪ್ರಶ್ನೆ ಎಷ್ಟು ಗಟ್ಟಿ, ಎಷ್ಟು ಮಾತಿಗೆ ಸಾಕ್ಷಿ ಹುಡುಕಿದರು, ವಿರುದ್ಧ ಅಭಿಪ್ರಾಯಕ್ಕೆ ಜಾಗ ಕೊಟ್ಟರಾ, ರೆಕಾರ್ಡಿಂಗ್ ಕೇಳಿ ಮಾಡಿದ ಪಟ್ಟಿ ಎಷ್ಟು ಚೊಕ್ಕ, ಇವಕ್ಕೆ ಕೊಡಿ. ಕಾಗದದ ಪಟ್ಟಿಗಳನ್ನೂ ಕಡತದಲ್ಲಿ ಇಡಿ, ಮಗು ಹೇಗೆ ಯೋಚಿಸಿತು ಅನ್ನೋದಕ್ಕೆ ಅದೇ ದಾಖಲೆ. ಕೊನೆಗೆ ಪ್ರತಿ ಮಗುವೂ ಒಂದು ಪುಟ ಬರೆಯಲಿ: ಏನನ್ನು ಬಿಟ್ಟೆವು, ಯಾಕೆ ಬಿಟ್ಟೆವು.

ಎರಡನೇ ಸಲ ಮಾಡುವಾಗ ಫೋಟೋ ಸೇರಿಸಿ. ಹತ್ತು ಫೋಟೋ ಸಾಕು, ಎಲ್ಲವೂ ಮಕ್ಕಳೇ ತೆಗೆದದ್ದು, ಪ್ರತಿಯೊಂದಕ್ಕೂ ಎರಡು ಸಾಲಿನ ವಿವರ. ಜನರ ಮುಖದ ಬದಲು ಕೈ, ಗುದ್ದಲಿ, ತೂಬಿನ ಕಲ್ಲು, ಕೋಡಿ, ರಾಜಕಾಲುವೆಯಲ್ಲಿ ಸಿಕ್ಕಿಕೊಂಡ ಪ್ಲಾಸ್ಟಿಕ್, ಇಂಥವನ್ನು ಹಿಡಿಯೋಕೆ ಹೇಳಿ. ಅಷ್ಟು ಹೊತ್ತಿಗೆ ಆ ಸ್ಮಾರ್ಟ್ ಟಿವಿಯೂ ಉಪಯೋಗಕ್ಕೆ ಬರುತ್ತದೆ, ಧ್ವನಿಯ ಜೊತೆ ಈ ಚಿತ್ರಗಳನ್ನು ಅದರಲ್ಲೇ ಓಡಿಸಿ.